ಸೇತುವೆ, ಸುರಂಗ ಬಂದ ಮೇಲೂ ಇಸ್ತಾಂಬುಲ್‌ನ ಪ್ರಯಾಣಿಕ ಹಡಗುಗಳು ಉಳಿದದ್ದು ಹೇಗೆ?

ಪ್ರಶ್ನೆ — ಹಿನ್ನೀರ ದಡ

ಎಲ್ಲರಿಗೂ ನಮಸ್ಕಾರ.

ನಾನು ಸಾಗರ ತಾಲ್ಲೂಕಿನ ತುಮರಿ ಕಡೆಯವನು. ಶರಾವತಿಯ ಹಿನ್ನೀರು ನಮ್ಮ ಸೀಮೆಯನ್ನು ಬಳಸಿ ನಿಂತಿರುವುದರಿಂದ ಪೇಟೆಗೆ, ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಎಲ್ಲಕ್ಕೂ ಹೊಳೆಬಾಗಿಲಿನ ಲಾಂಚ್ ಹತ್ತಿಯೇ ಹೋಗಬೇಕಾಗಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿತೆಂದರೆ ಎದುರಿನ ದಡದಲ್ಲಿ ಊರಿನ ದೀಪ ಕಾಣುತ್ತಿದ್ದರೂ ಮನೆ ಸೇರುವಂತಿರಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ನಮ್ಮ ಮನೆಯ ಹಿರಿಯರು ಕಣ್ಣೀರು ಹಾಕಿದರು. ಅದು ಸಂತೋಷದ ಕಣ್ಣೀರೇ ಆಗಿತ್ತು. ಸೇತುವೆಯ ವಿರುದ್ಧ ನನ್ನಲ್ಲಿ ಒಂದು ಮಾತೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ಕೆಲಸದ ನಿಮಿತ್ತ ನಾಲ್ಕು ದಿನ ಇಸ್ತಾಂಬುಲ್‌ನಲ್ಲಿ ಇರಬೇಕಾಗಿ ಬಂದಾಗ ನಾನು ಕಂಡದ್ದು ಮಾತ್ರ ನನ್ನ ಲೆಕ್ಕವನ್ನು ತಲೆಕೆಳಗು ಮಾಡಿತು. ಆ ಊರನ್ನು ಬಾಸ್ಫರಸ್ ಜಲಸಂಧಿ ಯುರೋಪಿನ ದಡ, ಏಷ್ಯಾದ ದಡ ಎಂದು ಎರಡಾಗಿ ಸೀಳಿದೆ. ಅದರ ಮೇಲೆ ಈಗ ಮೂರು ತೂಗುಸೇತುವೆಗಳಿವೆ, ನೀರಿನಡಿಯಲ್ಲಿ ಒಂದು ರೈಲು ಸುರಂಗವೂ ಒಂದು ವಾಹನ ಸುರಂಗವೂ ಇವೆ. ಇಷ್ಟಿದ್ದೂ ಬೆಳಗಿನ ಎಂಟು ಗಂಟೆಗೆ ಏಷ್ಯಾದ ದಡದ ಕಾದಿಕೊಯ್ ಹಡಗುಕಟ್ಟೆಯಲ್ಲಿ ಕಚೇರಿಗೆ ಹೋಗುವವರು, ಶಾಲಾ ಮಕ್ಕಳು, ತರಕಾರಿ ಚೀಲ ಹಿಡಿದ ಹೆಂಗಸರು ಬಿಳಿಯ ಹಡಗಿಗಾಗಿ ನಿಂತಿದ್ದರು. ಪ್ರವಾಸಿಗರು ಅಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಸೇತುವೆ ಬಂದರೆ ಹಡಗು ಹೋಗುತ್ತದೆ ಎಂಬುದು ನೀರಿನ ದಡದಲ್ಲಿ ಹುಟ್ಟಿದ ನಮಗೆಲ್ಲ ಗೊತ್ತಿರುವ ಸಂಗತಿ. ಇಲ್ಲಿ ಹಾಗೇಕೆ ಆಗಲಿಲ್ಲ? ಈ ಹಡಗುಗಳನ್ನು ಮೊದಲು ಯಾರು ಆರಂಭಿಸಿದರು, ಅವಕ್ಕೂ ಮೊದಲು ಜನ ಹೇಗೆ ದಾಟುತ್ತಿದ್ದರು ಎಂಬುದನ್ನೂ ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ — ಹಳೆಯ ನಕ್ಷೆ

ತಮ್ಮ ಪ್ರಶ್ನೆಗೆ ಉತ್ತರವಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಹಡಗುಗಳು ಉಳಿದ ಕಾರಣ ಅವು ಹುಟ್ಟಿದ ರೀತಿಯಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಬಾಸ್ಫರಸ್ ಸುಮಾರು 30 ಕಿಲೋಮೀಟರ್ ಉದ್ದದ ಜಲಸಂಧಿ. ತೀರಾ ಇಕ್ಕಟ್ಟಾದ ಕಡೆ ಅದರ ಅಗಲ ಸುಮಾರು 700 ಮೀಟರ್ ಮಾತ್ರ. ಇದಲ್ಲದೆ ಯುರೋಪಿನ ದಡದ ಊರನ್ನೇ ಮತ್ತೆ ಎರಡು ಹೋಳು ಮಾಡುವ ಹಾಲಿಚ್ ಎಂಬ ಖಾರಿಯೊಂದಿದೆ. ಲೋಕವು ಅದನ್ನು ಗೋಲ್ಡನ್ ಹಾರ್ನ್ ಎಂದು ಕರೆಯುತ್ತದೆ. ಹೀಗೆ ಇಸ್ತಾಂಬುಲ್ ಎರಡಲ್ಲ, ಮೂರು ತುಂಡಾಗಿರುವ ಊರು. ದೋಣಿಯಿಲ್ಲದೆ ಅಲ್ಲಿ ಯಾವ ಕಾಲದಲ್ಲೂ ಒಂದು ದಿನವೂ ಬದುಕು ಸಾಗಿದ್ದಿಲ್ಲ.

ಉಗಿಹಡಗು ಬರುವ ತನಕ ಆ ನೀರಿನ ಮೇಲೆ ರಾಜ್ಯವಾಳಿದ್ದು ಹುಟ್ಟು ಹಾಕುವ ದೋಣಿಗಳು. ಸಪೂರವಾದ, ಉದ್ದ ಮೂತಿಯ ಹಗುರ ದೋಣಿಗೆ ಕಾಯಿಕ್ ಎಂದು ಹೆಸರು. ಎಷ್ಟು ಜೋಡಿ ಹುಟ್ಟುಗಳಿವೆ ಎಂಬುದನ್ನು ನೋಡಿಯೇ ಒಳಗೆ ಕುಳಿತವರ ಅಂತಸ್ತನ್ನು ಅಳೆಯಬಹುದಾಗಿತ್ತು. ಸಾಮಾನ್ಯ ಜನರಿಗೆ ‘ಪಜಾರ್ ಕಾಯಿಕ್’, ಅಂದರೆ ಸಂತೆಯ ದೋಣಿ ಇತ್ತು. ದಡದ ಹಳ್ಳಿಗಳಿಂದ ಜನರನ್ನೂ ಮೂಟೆಗಳನ್ನೂ ಒಟ್ಟಿಗೆ ತುಂಬಿಕೊಂಡು ಅದು ಬೆಳಿಗ್ಗೆ ಪೇಟೆಗೆ ಹೋಗಿ ಸಂಜೆ ಹಿಂದಿರುಗುತ್ತಿತ್ತು. ಕಪ್ಪು ಸಮುದ್ರದ ನೀರು ಮೇಲ್ಪದರದಲ್ಲಿ ದಕ್ಷಿಣದ ಮಾರ್ಮರಾ ಸಮುದ್ರದ ಕಡೆಗೆ ಬಿರುಸಾಗಿ ಹರಿಯುತ್ತದೆ. ಅದರ ಅಡಿಯಲ್ಲಿ ಇನ್ನೊಂದು ಪ್ರವಾಹ ಉತ್ತರಕ್ಕೆ ಸಾಗುತ್ತದೆ. ಅರ್ನಾವುತ್‌ಕೊಯ್ ಬಳಿಯ ‘ಸೆಳವಿನ ಮೂಲೆ’ ಎಂದೇ ಹೆಸರಾದ ತಿರುವಿನಲ್ಲಿ ಮೇಲಿನ ಸೆಳವು ಎಷ್ಟು ಜೋರಾಗಿರುತ್ತಿತ್ತೆಂದರೆ, ಉತ್ತರಕ್ಕೆ ಹೋಗುವ ದೋಣಿಯವರು ಎಷ್ಟು ಹುಟ್ಟು ಹಾಕಿದರೂ ದೋಣಿ ನಿಂತಲ್ಲೇ ನಿಲ್ಲುತ್ತಿತ್ತು. ದಡದ ಮೇಲೆ ಕಾದಿರುತ್ತಿದ್ದ ಆಳುಗಳು ಆಗ ಹಗ್ಗ ಹಿಡಿದು, ಹೆಗಲು ಕೊಟ್ಟು, ಆ ತಿರುವು ಮುಗಿಯುವವರೆಗೆ ದೋಣಿಯನ್ನು ಎಳೆದುಕೊಂಡು ಹೋಗಿ ಕೂಲಿ ಪಡೆಯುತ್ತಿದ್ದರು. ಮುಂದೆ ಉಗಿಯಂತ್ರ ಆ ಊರಿಗೆ ಎಷ್ಟು ದೊಡ್ಡ ಸಂಗತಿಯಾಯಿತು ಎಂಬುದು ಈ ಹಗ್ಗದ ಆಳುಗಳನ್ನು ನೆನೆದಾಗ ಮಾತ್ರ ಸರಿಯಾಗಿ ಅರ್ಥವಾಗುತ್ತದೆ.

1820ರ ದಶಕದ ಕೊನೆಗೆ ಸುಲ್ತಾನ ಎರಡನೆಯ ಮಹಮೂದನ ಕಾಲದಲ್ಲಿ ಮೊದಲ ಉಗಿಹಡಗು ಅಲ್ಲಿಗೆ ಬಂದಿತು. ಕೆಲವು ವರ್ಷಗಳಲ್ಲೇ ವಿದೇಶಿ ಬಾವುಟ ಹೊತ್ತ ಹಡಗುಗಳು ಬಾಸ್ಫರಸ್‌ನಲ್ಲಿ ಜನರನ್ನು ಸಾಗಿಸತೊಡಗಿದಾಗ ನಮ್ಮ ನೀರಿನ ದುಡಿಮೆ ಪರರ ಪಾಲಾಗುತ್ತಿದೆ ಎಂಬ ಚಿಂತೆ ಆಸ್ಥಾನದಲ್ಲಿ ಹುಟ್ಟಿತು. ಅದಕ್ಕೆ ಉತ್ತರ ಹುಡುಕಿದವರು ಇಬ್ಬರು ವಿದ್ವಾಂಸ ಅಧಿಕಾರಿಗಳಾದ ಫುವಾದ್ ಮತ್ತು ಅಹ್ಮದ್ ಜೆವ್ದೆತ್. 1850ರಲ್ಲಿ ಅವರು ಬುರ್ಸಾ ಪಟ್ಟಣದ ಬಿಸಿನೀರಿನ ಬುಗ್ಗೆಗಳ ಬಳಿ ವಿಶ್ರಾಂತಿಗೆಂದು ತಂಗಿದ್ದಾಗ ಎರಡು ಕೆಲಸ ಮಾಡಿದರು: ಒಟ್ಟೊಮನ್ ಭಾಷೆಗೆ ಒಂದು ವ್ಯಾಕರಣ ಬರೆದರು ಮತ್ತು ಒಂದು ಹಡಗು ಕಂಪನಿಯ ನಿಯಮಾವಳಿಯನ್ನು ರೂಪಿಸಿದರು. ವ್ಯಾಕರಣವೂ ಹಡಗಿನ ಕಂಪನಿಯೂ ಒಂದೇ ಮೇಜಿನ ಮೇಲೆ ಹುಟ್ಟಿದ ಈ ಪ್ರಸಂಗ ನನಗೆ ಬಹಳ ಪ್ರಿಯವಾದದ್ದು. ಮರುವರ್ಷವೇ, 1851ರಲ್ಲಿ, ‘ಷಿರ್ಕೆತ್-ಇ ಹಯ್ರಿಯೆ’ ಸ್ಥಾಪನೆಯಾಯಿತು. ‘ಲೋಕಹಿತದ ಕಂಪನಿ’ ಎಂದು ಆ ಹೆಸರನ್ನು ಅರ್ಥೈಸಬಹುದು. ಒಟ್ಟೊಮನ್ ಸಾಮ್ರಾಜ್ಯದಲ್ಲಿ ಷೇರು ಮಾರಿ ಬಂಡವಾಳ ಕೂಡಿಸಿದ ಮೊದಲ ಕಂಪನಿ ಅದೇ. ಸುಲ್ತಾನ ಅಬ್ದುಲ್ ಮಜೀದ್, ಅವನ ತಾಯಿ, ಮಹಾವಜೀರ ಮುಸ್ತಫಾ ರೆಶಿದ್ ಪಾಷಾ, ಸರಾಫರು ಎಲ್ಲರೂ ಷೇರು ಕೊಂಡರು. ಇಂಗ್ಲೆಂಡಿನಲ್ಲಿ ಕಟ್ಟಿಸಿ ತರಿಸಿದ, ಪಕ್ಕದಲ್ಲಿ ಚಕ್ರ ತಿರುಗುವ ಆರು ಹಡಗುಗಳೊಂದಿಗೆ 1854ರಲ್ಲಿ ಓಡಾಟ ಆರಂಭವಾಯಿತು.

ಅದಕ್ಕೂ ಮೊದಲೇ ಸರ್ಕಾರದ ಕೈಯಲ್ಲಿ ಇನ್ನೊಂದು ಹಡಗು ಇಲಾಖೆ ಇತ್ತು. ಹಲವು ಸಲ ಹೆಸರು ಬದಲಿಸಿಕೊಂಡ ಆ ಇಲಾಖೆಯ ಹಡಗುಗಳು ಕಾದಿಕೊಯ್ ಮತ್ತು ಮಾರ್ಮರಾದ ದ್ವೀಪಗಳ ಕಡೆಗೆ ಓಡುತ್ತಿದ್ದವು. ಬಾಸ್ಫರಸ್‌ನ ಉದ್ದಕ್ಕೂ ಇದ್ದ ಹಳ್ಳಿಗಳು ಷಿರ್ಕೆತ್‌ನ ಪಾಲಾಗಿದ್ದವು. ಈ ಪಾಲುಗಾರಿಕೆ ಸುಮಾರು ತೊಂಬತ್ತು ವರ್ಷ ನಡೆಯಿತು.

ಈಗ ತಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಹಡಗು ಬರುವ ಮುನ್ನ ಬೆಬೆಕ್, ಕಾನ್ಲಿಜಾ, ತಾರಾಬ್ಯಾ ಮೊದಲಾದವು ಮೀನುಗಾರರ ಹಳ್ಳಿಗಳೋ ಸಿರಿವಂತರ ಬೇಸಿಗೆಮನೆಗಳ ತಾಣಗಳೋ ಆಗಿದ್ದವು. ಗಂಟೆಗಟ್ಟಲೆ ಹುಟ್ಟು ಹಾಕಿಸಿಕೊಂಡು ದಿನವೂ ಕಚೇರಿಗೆ ಹೋಗಿಬರುವುದು ಯಾರಿಂದಲೂ ಆಗುತ್ತಿರಲಿಲ್ಲ. ವೇಳಾಪಟ್ಟಿಗೆ ಸರಿಯಾಗಿ ಬರುವ ಹಡಗು ಬಂದ ಮೇಲೆ ಗುಮಾಸ್ತರು, ಮೇಷ್ಟರು, ವ್ಯಾಪಾರಿಗಳು ಆ ಹಳ್ಳಿಗಳಲ್ಲಿ ವರ್ಷವಿಡೀ ಮನೆ ಮಾಡಿದರು. ಕಟ್ಟೆಯ ಎದುರೇ ಚೌಕ, ಚೌಕದ ಸುತ್ತ ಮಸೀದಿ, ಚಹಾದಂಗಡಿ, ರೊಟ್ಟಿಯಂಗಡಿ, ಅಲ್ಲಿಂದ ಗುಡ್ಡ ಹತ್ತುವ ಓಣಿಗಳು; ಪ್ರತಿಯೊಂದು ಬಡಾವಣೆಯೂ ಹೀಗೆ ನೀರಿನ ಕಡೆಗೆ ಮುಖ ಮಾಡಿಯೇ ಬೆಳೆಯಿತು. ಮೊದಲೇ ಇದ್ದ ಊರಿಗೆ ಹಡಗು ಬಂದದ್ದಕ್ಕಿಂತ, ಹಡಗು ನಿಲ್ಲುವ ಕಡೆಯಲ್ಲಿ ಊರು ಬೆಳೆದದ್ದೇ ಹೆಚ್ಚು.

ಷಿರ್ಕೆತ್‌ನ ಇತಿಹಾಸದಲ್ಲಿ ಇನ್ನೊಂದು ಹಡಗನ್ನು ಹೆಸರಿಸದೆ ಮುಂದೆ ಹೋಗುವಂತಿಲ್ಲ. ಕಂಪನಿಯನ್ನು ನಡೆಸುತ್ತಿದ್ದ ಹುಸೇನ್ ಹಾಕಿ ಎಫೆಂದಿ ಕುದುರೆಗಾಡಿಗಳನ್ನು ಕುದುರೆಗಳ ಸಮೇತ ದಾಟಿಸುವ ಹಡಗು ಬೇಕೆಂದು ಯೋಚಿಸಿ, ಎರಡು ತುದಿಯೂ ಒಂದೇ ರೀತಿ ಇರುವ, ತಿರುಗಿಸುವ ಅಗತ್ಯವೇ ಇಲ್ಲದ ಒಂದು ವಿನ್ಯಾಸವನ್ನು ರೂಪಿಸಿ ಇಂಗ್ಲೆಂಡಿನಲ್ಲಿ ಕಟ್ಟಿಸಿದರು. ಗಾಡಿ ಒಂದು ತುದಿಯಿಂದ ಹತ್ತಿ ಇನ್ನೊಂದು ತುದಿಯಿಂದ ಇಳಿಯುತ್ತಿತ್ತು. ಕಂಪನಿಯ ಪ್ರತಿ ಹಡಗಿನ ಹೊಗೆಕೊಳವೆಯ ಮೇಲೂ ಒಂದು ಸಂಖ್ಯೆ ಇರುತ್ತಿತ್ತು, ಇದರದು 26. 1872ರಲ್ಲಿ ಏಷ್ಯಾದ ದಡದ ಉಸ್ಕುದಾರ್ ಮತ್ತು ಯುರೋಪಿನ ದಡದ ಕಬಾತಾಶ್ ನಡುವೆ ಕೆಲಸ ಆರಂಭಿಸಿದ ಈ ಹಡಗಿನ ಹೆಸರು ‘ಸುಹುಲೆತ್’. ನಾವು ದಿನವೂ ಬಳಸುವ ‘ಸವಲತ್ತು’ ಎಂಬ ಮಾತೂ ಇದೇ ಅರಬ್ಬಿ ಮೂಲದಿಂದ ಬಂದದ್ದು. ಸವಲತ್ತು ಎಂದೇ ಹೆಸರಿಟ್ಟ ಆ ಹಡಗು ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು.

ಮೊದಲ ಮಹಾಯುದ್ಧದ ಕಾಲದಲ್ಲಿ ಈ ಹಡಗುಗಳು ಸೈನಿಕರನ್ನೂ ಫಿರಂಗಿಗಳನ್ನೂ ಗಾಯಾಳುಗಳನ್ನೂ ಹೊತ್ತವು, ಕೆಲವು ಮುಳುಗಿದವು. ಹಡಗಿನಲ್ಲಿ ಹೆಂಗಸರನ್ನು ಬೇರೆ ಕೂರಿಸುತ್ತಿದ್ದ ಪರದೆ 1923ರ ಹೊತ್ತಿಗೆ ತೆಗೆಯಲ್ಪಟ್ಟಿತು. 1945ರಲ್ಲಿ ಸರ್ಕಾರ ಷಿರ್ಕೆತ್ ಅನ್ನು ಕೊಂಡುಕೊಂಡಿತು. ಅಲ್ಲಿಂದಾಚೆಗೆ ಎಲ್ಲ ಮಾರ್ಗಗಳೂ ‘ಷೆಹಿರ್ ಹಾತ್ಲಾರಿ’, ಎಂದರೆ ‘ನಗರ ಮಾರ್ಗಗಳು’ ಎಂಬ ಒಂದೇ ಹೆಸರಿನಡಿ ಸೇರಿದವು. ತಾವು ಕಂಡ ಬಿಳಿಯ ಹಡಗುಗಳು ಅವರವೇ.

ಉತ್ತರ — ಕಡಲಾಚೆ

ಮೇಲಿನವರು ಇತಿಹಾಸವನ್ನು ಬಹಳ ಚೆನ್ನಾಗಿ ಬರೆದಿದ್ದಾರೆ. ನಾನು ಮಂಗಳೂರಿನವಳು, ಬಂದರಿನಿಂದ ಬೆಂಗ್ರೆಗೆ ಹೋಗುವ ದೋಣಿಯಲ್ಲಿ ಬಾಲ್ಯ ಕಳೆದವಳು. ಕೆಲಸದ ಕಾರಣದಿಂದ ಮೂರು ವರ್ಷ ಕಾದಿಕೊಯ್‌ನಲ್ಲಿದ್ದು ದಿನವೂ ಕರಾಕೊಯ್‌ಗೆ ಹಡಗಿನಲ್ಲಿ ಹೋಗಿಬರುತ್ತಿದ್ದೆ. ಹಡಗು ಏಕೆ ಉಳಿಯಿತು ಎಂಬುದಕ್ಕೆ ನನ್ನ ಉತ್ತರ ಕಾಲ್ನಡಿಗೆಯ ಲೆಕ್ಕದಲ್ಲಿದೆ.

ನನ್ನ ಮನೆಯಿಂದ ಕಾದಿಕೊಯ್‌ನ ಧಕ್ಕೆಗೆ ಮೀನು ಮಾರುಕಟ್ಟೆಯ ಓಣಿಯಲ್ಲಿ ಏಳು ನಿಮಿಷದ ನಡಿಗೆ. ಕಾರ್ಡ್ ತೋರಿಸಿ ಒಳಗೆ ಹೋದರೆ ಗಾಜಿನ ಬಾಗಿಲ ಹಿಂದೆ ಎಲ್ಲರೂ ನಿಂತಿರುತ್ತಿದ್ದರು. ಹಡಗು ಹತ್ತಿರ ಬಂದಾಗ ಇಂಜಿನ್ ಹಿಮ್ಮುಖವಾಗಿ ತಿರುಗಿ ನೀರು ಹಾಲಿನಂತೆ ನೊರೆಯುಕ್ಕುತ್ತದೆ; ಧಕ್ಕೆಗೆ ಕಟ್ಟಿದ ಹಳೆಯ ಟೈರುಗಳಿಗೆ ಹಡಗಿನ ಮೈ ಒರಗಿ ಒಮ್ಮೆ ಕಿರುಗುಟ್ಟುತ್ತದೆ. ‘ಚಿಮಾಜಿ’ ಎಂದು ಕರೆಯುವ ಹಗ್ಗದಾಳು ತೋಳಿನಷ್ಟು ದಪ್ಪದ ಹಗ್ಗದ ಕುಣಿಕೆಯನ್ನು ದಡದ ಕಬ್ಬಿಣದ ಗೂಟಕ್ಕೆ ಎಸೆಯುತ್ತಾನೆ. ಮೂರು ವರ್ಷದಲ್ಲಿ ಆ ಕುಣಿಕೆ ಗುರಿ ತಪ್ಪಿದ್ದನ್ನು ನಾನು ಎರಡೇ ಸಲ ಕಂಡೆ. ಇಳಿಯುವವರು ಇಳಿದು, ಹತ್ತುವವರು ಹತ್ತಿ, ಮತ್ತೆ ಹಗ್ಗ ಬಿಚ್ಚುವುದಕ್ಕೆ ಐದಾರು ನಿಮಿಷ ಸಾಕು. ಅಷ್ಟರಲ್ಲಿ ಕೆಳಗಿನ ಚಹಾ ಕಟ್ಟೆಯವನು ಸಣ್ಣ ಸೊಂಟದ ಗಾಜಿನ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಬೆಂಚುಗಳ ನಡುವೆ ಹೊರಟಿರುತ್ತಿದ್ದ. ಎಳ್ಳು ಹಚ್ಚಿದ ‘ಸಿಮಿತ್’ ಎಂಬ ಬಳೆಯಾಕಾರದ ರೊಟ್ಟಿಯನ್ನು ಮುರಿದು ಅರ್ಧ ತಾವು ತಿಂದು ಅರ್ಧ ಕಡಲ ಹಕ್ಕಿಗಳಿಗೆ ಎಸೆಯುವುದು ಅಲ್ಲಿನವರ ಬೆಳಗಿನ ಪದ್ಧತಿ. ಬಲಗಡೆಗೆ ಅಲೆತಡೆಯ ಕಲ್ಲುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು, ಅದರಾಚೆ ಹೈದರ್‌ಪಾಶಾ ರೈಲು ನಿಲ್ದಾಣ ನೀರಿಗೆ ಮುಖ ಮಾಡಿ ನಿಂತಿರುತ್ತಿತ್ತು.

ಆ ನಿಲ್ದಾಣದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 1908ರಲ್ಲಿ ಸಿದ್ಧವಾದ ಆ ಭವ್ಯ ಕಟ್ಟಡ ಏಷ್ಯಾದ ಕಡೆಯಿಂದ ಬರುವ ರೈಲುಗಳ ಕೊನೆಯ ನಿಲ್ದಾಣವಾಗಿತ್ತು. ಅನಾತೋಲಿಯಾದ ಹಳ್ಳಿಗಳಿಂದ ಗಂಟುಮೂಟೆ ಹೊತ್ತು ಬದುಕು ಅರಸಿ ಬಂದವರು ಅದರ ಮೆಟ್ಟಿಲ ಮೇಲೆ ನಿಂತು ಮೊದಲ ಬಾರಿಗೆ ಇಸ್ತಾಂಬುಲ್ ನೋಡುತ್ತಿದ್ದರು. ಮೆಟ್ಟಿಲ ಕೆಳಗೇ ಹಡಗಿನ ಧಕ್ಕೆ. ಹಳಿ ಮುಗಿದಲ್ಲಿ ಹಡಗು ಆರಂಭವಾಗುತ್ತಿತ್ತು. ಎದುರಿನ ದಡದ ಕರಾಕೊಯ್‌ನಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ 1875ರಲ್ಲಿ ಆರಂಭವಾದ ‘ತುನೆಲ್’ ಎಂಬ ಪುಟ್ಟ ಭೂಗತ ರೈಲು ಇದೆ. ಅದು ಕಡಿದಾದ ಗುಡ್ಡವನ್ನು ಒಂದೂವರೆ ನಿಮಿಷದಲ್ಲಿ ಹತ್ತಿಸಿ ಬೆಯೋಗ್ಲುವಿನ ನೆತ್ತಿಗೆ ತಲುಪಿಸುತ್ತದೆ. ಹೀಗೆ ರೈಲು, ಹಡಗು, ಗುಡ್ಡದ ರೈಲು, ನಡಿಗೆ ಒಂದೇ ಸರಪಳಿಯ ಕೊಂಡಿಗಳಾಗಿ ನೂರು ವರ್ಷಕ್ಕೂ ಹಿಂದೆಯೇ ಬೆಸೆದುಕೊಂಡಿದ್ದವು.

ಮನೆಯಿಂದ ಕಚೇರಿಗೆ ಒಟ್ಟು ನಲವತ್ತು ನಿಮಿಷದಲ್ಲಿ ತಲುಪುತ್ತಿದ್ದೆ. ಅದರಲ್ಲಿ ಇಪ್ಪತ್ತು ನಿಮಿಷ ನೀರಿನ ಮೇಲೆ. ನನ್ನ ಸಹೋದ್ಯೋಗಿಯೊಬ್ಬರು ಕಾರಿನಲ್ಲಿ ಸೇತುವೆ ದಾಟಿ ಬರುತ್ತಿದ್ದರು. ಅವರಿಗೆ ಒಂದು ದಿನ ಐವತ್ತು ನಿಮಿಷವಾದರೆ ಮರುದಿನ ಎರಡು ಗಂಟೆ. ನನ್ನ ಹಡಗು ತಡವಾದದ್ದು ದಟ್ಟ ಮಂಜಿನ ದಿನ ಮತ್ತು ‘ಲೋದೋಸ್’ ಎಂಬ ತೆಂಕಣ ಗಾಳಿ ಎದ್ದ ದಿನ ಮಾತ್ರ. ಲೋದೋಸ್ ಬೀಸಿದಾಗ ಅಲೆ ಧಕ್ಕೆಯ ಹಲಗೆಯ ಮೇಲೇ ಹಾಯುತ್ತದೆ, ಹಡಗುಗಳು ನಿಲ್ಲುತ್ತವೆ. ಅಂತಹ ಒಂದು ಸಂಜೆ ಎಲ್ಲರೂ ನೀರಿನಡಿಯ ರೈಲಿಗೆ ನುಗ್ಗಿದ್ದರಿಂದ ಮೂರು ರೈಲು ಬಿಟ್ಟು ನಾಲ್ಕನೆಯದನ್ನು ಹತ್ತಬೇಕಾಯಿತು. ದಿನನಿತ್ಯ ಹಡಗು ಎಷ್ಟು ಜನರ ಭಾರ ಹೊರುತ್ತದೆ ಎಂಬುದು ಅಂದು ಮೈಗೆ ತಟ್ಟಿ ತಿಳಿಯಿತು.

ಹಿನ್ನೀರ ದಡ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಹಗ್ಗ ಹಿಡಿದು ದೋಣಿ ಎಳೆಯುತ್ತಿದ್ದವರ ವಿಷಯವನ್ನೂ ‘ಸವಲತ್ತಿ’ನ ವಿಷಯವನ್ನೂ ಮನೆಯಲ್ಲಿ ಓದಿ ಹೇಳಿದೆ. ಆದರೂ ಒಂದು ಸಂದೇಹ ಉಳಿದಿದೆ. ಸೇತುವೆಗಳು ಬಂದದ್ದರಿಂದ ಹಡಗುಗಳಿಗೆ ಏನೂ ಆಗಲೇ ಇಲ್ಲವೇ? ಅಷ್ಟು ದೊಡ್ಡ ಸೇತುವೆ ಬಂದು ಎಲ್ಲವೂ ಇದ್ದ ಹಾಗೇ ಇರುವುದು ಸಾಧ್ಯವೆಂದು ನನಗೆ ತೋರುವುದಿಲ್ಲ.

ಉತ್ತರ — ಉಕ್ಕು ಮತ್ತು ಗಾರೆ

ತಮ್ಮ ಸಂದೇಹ ನ್ಯಾಯವಾದದ್ದು. ಮೇಲಿನ ಎರಡೂ ಉತ್ತರಗಳು ಉಳಿದದ್ದರ ಬಗ್ಗೆ ಇವೆ. ಹೋದದ್ದರ ಬಗ್ಗೆಯೂ ಹೇಳಬೇಕು. ನಾನು ಸೇತುವೆಗಳ ಕೆಲಸದಲ್ಲಿರುವ ಎಂಜಿನಿಯರ್ ಆದುದರಿಂದ ಸೇತುವೆಯ ಕಡೆಯಿಂದಲೇ ಬರುತ್ತೇನೆ.

ಇಸ್ತಾಂಬುಲ್‌ನಲ್ಲಿ ದೊಡ್ಡ ಸೇತುವೆ ಮೊದಲು ಬಂದದ್ದು ಬಾಸ್ಫರಸ್ ಮೇಲಲ್ಲ, ಹಾಲಿಚ್ ಖಾರಿಯ ಮೇಲೆ. ಖಾರಿಯ ಬಾಯಲ್ಲಿರುವುದು ಗಲಾಟಾ ಸೇತುವೆ. ಅಲ್ಲಿ 1845ರಲ್ಲಿ ಮರದ ಸೇತುವೆ ಕಟ್ಟಿದ ಮೇಲೆ ಒಂದರ ಹಿಂದೆ ಒಂದರಂತೆ ಹೊಸ ಸೇತುವೆಗಳು ಬಂದವು. 1912ರ ತೇಲುಸೇತುವೆಯನ್ನು ಜರ್ಮನ್ ಕಂಪನಿಯೊಂದು ಕಟ್ಟಿಕೊಟ್ಟಿತು; 1992ರಲ್ಲಿ ಬೆಂಕಿಗೆ ಸಿಲುಕುವವರೆಗೂ ಜನ ಅದರ ಮೇಲೆ ಓಡಾಡಿದರು. ಆ ಸೇತುವೆಯ ಕೆಳ ಅಂತಸ್ತಿಗೇ ಹಡಗುಗಳು ಬಂದು ನಿಲ್ಲುತ್ತಿದ್ದವು. ಟ್ರಾಮ್ ಮೇಲೆ, ಹಡಗು ಕೆಳಗೆ, ನಡುವೆ ಒಂದು ಮೆಟ್ಟಿಲಸಾಲು. ಹಡಗಿನ ವೇಳಾಪಟ್ಟಿಯಲ್ಲಿ ಆ ನಿಲ್ದಾಣದ ಹೆಸರೇ ‘ಕೋಪ್ರು’ ಎಂದಿತ್ತು. ತುರ್ಕಿಯಲ್ಲಿ ಆ ಪದಕ್ಕೆ ಅರ್ಥ ಸೇತುವೆ. ಸೇತುವೆಯಿಂದ ಕಾದಿಕೊಯ್‌ಗೆ, ಸೇತುವೆಯಿಂದ ಉಸ್ಕುದಾರ್‌ಗೆ ಎಂದು ಮೂರು ತಲೆಮಾರಿನ ಜನ ಟಿಕೆಟ್ ಕೊಂಡರು. ಸೇತುವೆ ಮತ್ತು ಹಡಗು ಹುಟ್ಟಾ ವೈರಿಗಳೆಂದು ಭಾವಿಸುವವರಿಗೆ ನಾನು ಯಾವಾಗಲೂ ಈ ಉದಾಹರಣೆಯನ್ನು ಕೊಡುತ್ತೇನೆ.

ಬಾಸ್ಫರಸ್‌ನ ಕಥೆ ಬೇರೆ. ತುರ್ಕಿ ಗಣರಾಜ್ಯಕ್ಕೆ ಐವತ್ತು ವರ್ಷ ತುಂಬಿದ ಮರುದಿನ, 1973ರ ಅಕ್ಟೋಬರ್ 30ರಂದು, ಮೊದಲ ತೂಗುಸೇತುವೆ ತೆರೆಯಿತು. ಎರಡು ಗೋಪುರಗಳ ನಡುವಿನ ಅಂತರ 1,074 ಮೀಟರ್. 1988ರಲ್ಲಿ ಎರಡನೆಯದು, 2016ರಲ್ಲಿ ಮೂರನೆಯದು ಬಂದವು. ಇವುಗಳಿಂದ ನೇರ ಪೆಟ್ಟು ತಿಂದದ್ದು ವಾಹನ ಸಾಗಿಸುವ ಹಡಗುಗಳು. ಸುಹುಲೆತ್ ಆರಂಭಿಸಿದ ಉಸ್ಕುದಾರ್–ಕಬಾತಾಶ್ ಮಾರ್ಗದಲ್ಲಿ ಲಾರಿ, ಬಸ್ಸು, ಕಾರುಗಳು ಸಾಲುಗಟ್ಟಿ ಗಂಟೆಗಟ್ಟಲೆ ಕಾಯುವುದು ಸಾಮಾನ್ಯವಾಗಿತ್ತು. ಸೇತುವೆ ಆ ಸಾಲನ್ನು ಕರಗಿಸಿ ಕಾಲಕ್ರಮದಲ್ಲಿ ಮಾರ್ಗವನ್ನೇ ಅನಗತ್ಯವಾಗಿಸಿತು. ಎರಡನೆಯ ಪೆಟ್ಟು ಬಿದ್ದದ್ದು ಒಂದು ದಡದಿಂದ ಇನ್ನೊಂದಕ್ಕೆ ಅಂಕುಡೊಂಕಾಗಿ ಹಳ್ಳಿ ಹಳ್ಳಿಯನ್ನೂ ಮುಟ್ಟುತ್ತ ಉತ್ತರಕ್ಕೆ ಹೋಗುತ್ತಿದ್ದ ಉದ್ದ ಮಾರ್ಗಗಳಿಗೆ. ದಡದ ಗುಂಟ ರಸ್ತೆ ಅಗಲವಾಗಿ, ಬಸ್ಸು ಹೆಚ್ಚಾಗಿ, ಗುಡ್ಡದ ಹಿಂದೆ ಹೆದ್ದಾರಿಗೆ ಅಂಟಿಕೊಂಡು ಹೊಸ ಬಡಾವಣೆಗಳು ಎದ್ದಾಗ ಊರು ನೀರಿಗೆ ಬೆನ್ನು ತಿರುಗಿಸಲಾರಂಭಿಸಿತು. ಹಲವು ಸಣ್ಣ ಕಟ್ಟೆಗಳಲ್ಲಿ ಹಡಗು ನಿಲ್ಲುವುದು ಅಪರೂಪವಾಯಿತು. ನನ್ನ ದೃಷ್ಟಿಯಲ್ಲಿ ಆದ ನಿಜವಾದ ನಷ್ಟ ಇದು. ಸೇತುವೆಗಿಂತಲೂ ಸೇತುವೆಯ ಹಿಂದೆ ಬೆಳೆದ ಊರು ಹಡಗಿಗೆ ಹೆಚ್ಚು ಹಾನಿ ಮಾಡಿತು.

ಉಳಿದದ್ದು ದಕ್ಷಿಣದ ತುದಿಯ ಚಿಕ್ಕ ದಾಟುಗಳು: ಏಷ್ಯಾದ ಕಡೆ ಕಾದಿಕೊಯ್, ಉಸ್ಕುದಾರ್; ಯುರೋಪಿನ ಕಡೆ ಎಮಿನೊನು, ಕರಾಕೊಯ್, ಬೆಶಿಕ್ತಾಶ್. ಮೂರು ಸೇತುವೆಗಳಲ್ಲಿ ಒಂದೂ ಈ ಹಳೆಯ ಪೇಟೆಗಳನ್ನು ನೇರವಾಗಿ ಜೋಡಿಸುವುದಿಲ್ಲ, ಅವೆಲ್ಲ ಉತ್ತರಕ್ಕಿವೆ. ಕಾದಿಕೊಯ್‌ನಿಂದ ಎಮಿನೊನುವಿಗೆ ಸೇತುವೆಯ ಮೇಲೆ ಹೋಗಬೇಕೆಂದರೆ ಗುಡ್ಡ ಹತ್ತಿ, ಸುತ್ತಿ, ಮತ್ತೆ ಇಳಿಯಬೇಕು. ಜಲಸಂಧಿಯ ಮೇಲೆ ದೊಡ್ಡ ಹಡಗುಗಳು ಹಾಯಬೇಕಾದ್ದರಿಂದ ಸೇತುವೆ ನೀರಿನಿಂದ 60 ಮೀಟರಿಗೂ ಹೆಚ್ಚು ಎತ್ತರದಲ್ಲಿರಬೇಕು. ಅಷ್ಟು ಎತ್ತರದ ಸೇತುವೆ ಗುಡ್ಡದಿಂದ ಗುಡ್ಡಕ್ಕೆ ಹೋಗುತ್ತದೆಯೇ ಹೊರತು ಪೇಟೆಯಿಂದ ಪೇಟೆಗೆ ಇಳಿಯಲಾರದು. ಹೀಗೆ ಸೇತುವೆ ಗಾಲಿಗಳನ್ನು ಒಯ್ದಿತು, ನಡೆದು ಬರುವವರು ಹಡಗಿನ ಪಾಲಿಗೆ ಉಳಿದರು.

ಹೀಗಾಗಿ ಹಳೆಯ ಪೇಟೆಗಳ ಹಡಗುಗಳಿಗೆ ನಿಜವಾದ ಎದುರಾಳಿಯೆಂದರೆ 2013ರ ಅಕ್ಟೋಬರ್ 29ರಂದು ಆರಂಭವಾದ ಮಾರ್ಮರಾಯ್ ಎಂಬ ರೈಲು. ಸುಮಾರು 1.4 ಕಿಲೋಮೀಟರ್ ಉದ್ದಕ್ಕೆ ಕಾಂಕ್ರೀಟ್ ಕೊಳವೆಗಳನ್ನು ಸಮುದ್ರತಳದಲ್ಲಿ ತೋಡಿದ ಕಾಲುವೆಗೆ ಇಳಿಸಿ ಜೋಡಿಸಿದ್ದಾರೆ. ಉಸ್ಕುದಾರ್‌ನಿಂದ ಎದುರಿನ ಸಿರ್ಕೆಜಿಗೆ ನಾಲ್ಕು ನಿಮಿಷ. ಈ ಕಾಮಗಾರಿ ವರ್ಷಗಟ್ಟಲೆ ತಡವಾಯಿತು. ಯೆನಿಕಾಪಿ ಎಂಬಲ್ಲಿ ನಿಲ್ದಾಣಕ್ಕಾಗಿ ಅಗೆದಾಗ ಬೈಜಾಂಟಿನ್ ಕಾಲದ ಥಿಯೊಡೋಸಿಯಸ್ ಬಂದರು ಸಿಕ್ಕಿತು, ಅದರ ಕೆಸರಿನಲ್ಲಿ ಹುದುಗಿದ್ದ 37 ಹಡಗುಗಳ ಅವಶೇಷಗಳು ಹೊರಬಂದವು. ನೀರಿನ ಕೆಳಗೆ ದಾಟುವ ದಾರಿಯನ್ನು, ನೀರಿನ ಮೇಲೆ ಸಾವಿರ ವರ್ಷಗಳ ಹಿಂದೆ ತೇಲಿದ ಹಡಗುಗಳು ಹಿಡಿದು ನಿಲ್ಲಿಸಿದ ಹಾಗಾಯಿತು. ಅವುಗಳ ಮರದ ಒಂದೊಂದು ಹಲಗೆಯನ್ನೂ ಒದ್ದೆಯಾಗಿಯೇ ಇಟ್ಟು ಎತ್ತಬೇಕಾಗಿತ್ತು, ಒಣಗಿದರೆ ಪುಡಿಯಾಗುತ್ತಿತ್ತು.

ಇನ್ನೊಂದು ವಿಷಯವನ್ನು ನಮ್ಮ ಓದುಗರು ಗಮನಿಸಬೇಕು. ಬಾಸ್ಫರಸ್ ಊರಿನ ಓಣಿಯೂ ಹೌದು, ಅಂತರರಾಷ್ಟ್ರೀಯ ಹಡಗುಹಾದಿಯೂ ಹೌದು. 1936ರ ಮಾಂತ್ರೋ ಒಪ್ಪಂದದ ಪ್ರಕಾರ ಶಾಂತಿಕಾಲದಲ್ಲಿ ಎಲ್ಲ ದೇಶಗಳ ವ್ಯಾಪಾರಿ ಹಡಗುಗಳಿಗೂ ಅಲ್ಲಿ ಮುಕ್ತ ಸಂಚಾರವಿದೆ. ಅವು ಉದ್ದಕ್ಕೆ ಸಾಗುತ್ತವೆ, ಜನರನ್ನು ಹೊತ್ತ ಹಡಗು ಅವುಗಳಿಗೆ ಅಡ್ಡವಾಗಿ ದಾಟುತ್ತದೆ. 1979ರ ನವೆಂಬರ್ 15ರ ಬೆಳಗಿನ ಜಾವ ಹೈದರ್‌ಪಾಶಾದ ಎದುರು ‘ಇಂಡಿಪೆಂಡೆಂಟಾ’ ಎಂಬ ರುಮೇನಿಯಾದ ತೈಲಹಡಗಿಗೂ ಗ್ರೀಸಿನ ಸರಕುಹಡಗಿಗೂ ಡಿಕ್ಕಿಯಾಗಿ ತೈಲಹಡಗು ಸ್ಫೋಟಿಸಿದಾಗ ಅದರ 43 ಮಂದಿ ನಾವಿಕರು ಸತ್ತರು, ದಡದ ಮನೆಗಳ ಕಿಟಕಿಗಾಜುಗಳು ಉದುರಿದವು, ಬೆಂಕಿ ವಾರಗಟ್ಟಲೆ ಉರಿಯಿತು. ಜನರು ದಿನವೂ ಚಹಾ ಕುಡಿಯುತ್ತ ದಾಟುವ ನೀರು ಅದೇ. ಪ್ರಚಂಡ ಗಾತ್ರದ ತೈಲಹಡಗಿನ ಹಿಂದೋ ಮುಂದೋ ಎಂದು ಕ್ಷಣದಲ್ಲಿ ನಿರ್ಧರಿಸಿ ದಿನಕ್ಕೆ ಹತ್ತಾರು ಬಾರಿ ಅಡ್ಡ ಹಾಯುವ ಕಪ್ತಾನರ ಕೌಶಲದ ಬಗ್ಗೆ ನನಗೆ ಅಪಾರ ಗೌರವವಿದೆ.

ಉತ್ತರ — ಹಳೆಯ ನಕ್ಷೆ

ಎಂಜಿನಿಯರ್ ಅವರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ವಾಹನ ಹಡಗುಗಳ ವಿಷಯದಲ್ಲಿ ಒಂದೇ ಒಂದು ತಿದ್ದುಪಡಿ: ಅವು ಸಂಪೂರ್ಣ ಅಳಿದಿಲ್ಲ. ಏಷ್ಯಾದ ದಡದ ಹರೇಂನಿಂದ ಎದುರಿನ ಸಿರ್ಕೆಜಿಗೆ ಕಾರು, ಲಾರಿಗಳನ್ನು ಹೊತ್ತ ಹಡಗುಗಳು ಈಗಲೂ ದಾಟುತ್ತವೆ. ಸುಹುಲೆತ್‌ನ ವಂಶ ಅಲ್ಲಿ ಮುಂದುವರಿದಿದೆ.

ಹಡಗುಗಳನ್ನು ಉಳಿಸುವುದರಲ್ಲಿ ಆಡಳಿತದ ಪಾತ್ರವೂ ಇದೆ. 2005ರಲ್ಲಿ ಈ ಮಾರ್ಗಗಳು ಕೇಂದ್ರ ಸರ್ಕಾರದ ಕೈಯಿಂದ ಇಸ್ತಾಂಬುಲ್ ಮಹಾನಗರ ಪಾಲಿಕೆಯ ಕೈಗೆ ಬಂದವು. ಬಸ್ಸು, ಮೆಟ್ರೊ, ಹಡಗು ಎಲ್ಲಕ್ಕೂ ಒಂದೇ ಕಾರ್ಡ್ ನಡೆಯುವುದರಿಂದ ಹಡಗು ಹತ್ತುವವನು ಬೇರೆ ಟಿಕೆಟ್ಟಿಗೆ ನಿಲ್ಲಬೇಕಿಲ್ಲ. ನಮ್ಮಲ್ಲಿ ಜಲಸಾರಿಗೆಯ ಯೋಜನೆ ಮಾಡುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನು ಎಂದು ನನಗೆ ತೋರುತ್ತದೆ. ಹಡಗು ಎಷ್ಟೇ ಚಂದವಿದ್ದರೂ ಧಕ್ಕೆಯಿಂದ ಹೊರಬಂದವನಿಗೆ ಮುಂದಿನ ಬಸ್ಸು ಕಾಣದಿದ್ದರೆ ಅವನು ಎರಡನೆಯ ಸಲ ಬರುವುದಿಲ್ಲ.

ತಾವು ಮತ್ತೆ ಅಲ್ಲಿಗೆ ಹೋಗುವ ಅವಕಾಶ ಬಂದರೆ ಮೂರು ಹಳೆಯ ಹಡಗುಗಳನ್ನು ಹುಡುಕಿ ನೋಡಬೇಕೆಂದು ವಿನಂತಿ. ಷಿರ್ಕೆತ್‌ಗಾಗಿ ಗ್ಲಾಸ್ಗೊದಲ್ಲಿ ಕಟ್ಟುತ್ತಿದ್ದಾಗಲೇ ಮೊದಲ ಮಹಾಯುದ್ಧ ಆರಂಭವಾದ್ದರಿಂದ ಬ್ರಿಟಿಷ್ ನೌಕಾಪಡೆ ವಶಪಡಿಸಿಕೊಂಡು ಬಳಸಿದ 71ನೆಯ ಸಂಖ್ಯೆಯ ಹಡಗು ಯುದ್ಧ ಮುಗಿದ ಮೇಲೆ ಒಡೆಯರ ಕೈ ಸೇರಿತು. ಅದಕ್ಕೆ ‘ಹಲಾಸ್’ ಎಂದು ಹೆಸರಿಟ್ಟರು. ನಮ್ಮ ಆಡುಮಾತಿನ ‘ಖಲಾಸ್’ ಅದೇ ಪದ; ನಮಗೆ ಅದು ಮುಗಿಯಿತು ಎಂಬ ಅರ್ಥ ಕೊಟ್ಟರೆ ಅವರಿಗೆ ಬಿಡುಗಡೆ ಎಂಬ ಅರ್ಥ ಕೊಟ್ಟಿತು. 1950ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ‘ಫೆನರ್‌ಬಾಹ್ಚೆ’ 2008ರವರೆಗೆ ದುಡಿದು ಈಗ ಹಾಲಿಚ್ ದಡದ ರಹ್ಮಿ ಕೋಚ್ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಅದರ ಮರದ ಬೆಂಚುಗಳ ಮೇಲೆ ಕೂರಬಹುದು. ಅದರದೇ ಓರಗೆಯ, 1952ರಲ್ಲಿ ಇಟಲಿಯ ತರಾಂತೊದಲ್ಲಿ ಕಟ್ಟಿದ ‘ಪಾಶಾಬಾಹ್ಚೆ’ಯನ್ನೂ ನಿವೃತ್ತಿಗೊಳಿಸಿದ್ದರು, ವರ್ಷಗಳ ಕಾಲ ಅದು ಖಾಲಿ ನಿಂತಿತ್ತು. ಪಾಲಿಕೆ ಅದನ್ನು ದುರಸ್ತಿ ಮಾಡಿಸಿ 2022ರಲ್ಲಿ ಮತ್ತೆ ನೀರಿಗೆ ಬಿಟ್ಟಿತು, ಪ್ರಯಾಣಿಕರು ಮತ್ತೆ ಅದನ್ನು ಹತ್ತಿದರು.